ಡ್ಯೂಯಿ ಸೆಟ್ಜರನ ಬಾಗದ ಕಾರು

ಡ್ಯೂಯಿ ಸೆಟ್ಜರ್ ಬೆಸೆದ ಕಾರು ಗೋಡೆಗೆ ಗುದ್ದಿದರೆ ಗೋಡೆಗೇ ಮುಲಾಮು ಹಚ್ಚಬೇಕು ಎಂದು ಕಟಾಬಾ ನದಿಯ ಈ ದಡದಲ್ಲಿ ಎಲ್ಲರೂ ಹೇಳುತ್ತಿದ್ದರು. ಆ ಮಾತನ್ನು ಮೊದಲು ಹಬ್ಬಿಸಿದವನು ಡ್ಯೂಯಿಯೇ ಎನ್ನುತ್ತಾಳೆ ಅವನ ಹೆಂಡತಿ ವರ್ನೆಲ್. ಅವಳ ಮಾತನ್ನು ಧಾರಾಳವಾಗಿ ನಂಬಬಹುದು.

ಹಗಲು ಕಾಲುಚೀಲದ ಗಿರಣಿಯಲ್ಲಿ ಹೆಣಿಗೆ ಯಂತ್ರಗಳ ರಿಪೇರಿ, ಸಂಜೆ ಮನೆ ಹಿಂದಿನ ಶೆಡ್ಡಿನಲ್ಲಿ ವೆಲ್ಡಿಂಗು. ಹದಿನೆಂಟು ವರ್ಷಗಳಲ್ಲಿ ರೇಸಿಗೆ ಓಡುವ ನಲವತ್ತು ಚಿಲ್ಲರೆ ಸ್ಟಾಕ್ ಕಾರುಗಳ ಚೌಕಟ್ಟು ಅವನ ಕೈಯಿಂದ ಹೊರಬಿತ್ತು. ಬೇರೆಯವರು ತೆಳು ಕೊಳವೆ ಹಾಕುವಲ್ಲಿ ಅವನು ದಪ್ಪದ್ದು ಹಾಕುತ್ತಿದ್ದ. ಒಂದು ಅಡ್ಡಪಟ್ಟಿ ಸಾಕೆಂದರೆ ಮೂರು ಬಿಗಿಯುತ್ತಿದ್ದ. ಈ ಶನಿವಾರ ಗುದ್ದಿದ ಕಾರು ಮುಂದಿನ ಶನಿವಾರ ಮತ್ತೆ ಓಡಬೇಕು, ಅದೇ ಅವನ ಹೆಮ್ಮೆ. ಗಟ್ಟಿ ಕಾರಿನಲ್ಲಿ ಕೂತವನು ಬದುಕುತ್ತಾನೆ ಎಂಬುದರಲ್ಲಿ ನಮ್ಮ ಕಡೆ ಯಾರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ.

ಕಾಯ್ ಲಿಂಗಲ್ ಸತ್ತದ್ದು ಅಂಥ ಕಾರಿನಲ್ಲೇ. ಡ್ಯೂಯಿಯ ಜೊತೆ ಗಿರಣಿಯಲ್ಲಿ ದುಡಿದವನು, ಚರ್ಚಿನಲ್ಲಿ ಅವನ ಪಕ್ಕವೇ ಕೂತು ತೂಕಡಿಸಿದವನು. ಒಂದು ರೇಸಿನಲ್ಲಿ, ಮೂರನೇ ತಿರುವಿನಲ್ಲಿ ಟೈರು ಸಿಡಿದು ನೇರ ಗೋಡೆಗೆ ಹೋದ. ಮೈಮೇಲೆ ಒಂದು ಗೀರೂ ಇರಲಿಲ್ಲ, ತಲೆಬುರುಡೆಯ ಬುಡ ಒಡೆದಿತ್ತು. ಮರುದಿನ ಡ್ಯೂಯಿ ಟೇಪು ಹಿಡಿದು ಕಾರನ್ನು ಅಳೆದ. ಚೌಕಟ್ಟು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಸ್ವಿಚ್ಚು ಒತ್ತಿದರೆ ಎಂಜಿನ್ನು ಶುರುವಾಯಿತು. ಆಗ ಅವನಿಗೆ ಗೊತ್ತಾಯಿತು. ಅಂಥ ಹೊಡೆತ ಎಲ್ಲಿಗಾದರೂ ಹೋಗಲೇಬೇಕಿತ್ತು. ಕಬ್ಬಿಣ ಅದನ್ನು ತೆಗೆದುಕೊಳ್ಳಲಿಲ್ಲ, ಕಾಯ್ ತೆಗೆದುಕೊಂಡ.

ಇದನ್ನು ಅವನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ರೇಸಿನ ಕೆಲಸ ಬಿಟ್ಟು ಒಂಬತ್ತು ವರ್ಷ ತೋಟದ ಗೇಟು, ಹಂದಿ ಸುಡುವ ಒಲೆ ಬೆಸೆದುಕೊಂಡಿದ್ದ. ಕೇಳಿದವರಿಗೆ ಕಣ್ಣು ಮಂಜು ಎನ್ನುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ, ಚರ್ಚು ಮುಗಿದ ಮೇಲೆ ಕಾಯ್‌ನ ಮಗಳು ಡಾರ್ಲಾ ಬಂದಳು. ಇಪ್ಪತ್ತೆರಡರ ಹುಡುಗಿ, ಕುರ್ಚಿ ಕಾರ್ಖಾನೆಯಲ್ಲಿ ಕೆಲಸ. ಜಗಲಿಯಲ್ಲಿ ಡ್ಯೂಯಿ, ವರ್ನೆಲ್ ಇಬ್ಬರೂ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

"ಮಾಮ, ಅಪ್ಪನ ಕಾರು ನಾನು ಓಡಿಸ್ತೀನಿ. ಟಾರ್ಪಾಲು ತೆಗ್ದು ನೋಡ್ದೆ, ಒಂದು ಕಡ್ಡೀನೂ ಬಾಗಿಲ್ಲ. ಎಂಥಾ ಕೈ ನಿಂದು! ಎಂಜಿನ್ನೊಂದು ನೋಡ್ಕೊಡು, ಸಾಕು."

"ಆ ಕಾರು ಬೇಡ."

"ಯಾಕೆ?"

"ಬಾಗಿಲ್ಲ ಅಂತ್ಲೇ ಬೇಡ." ಡ್ಯೂಯಿ ತಲೆ ಎತ್ತಲಿಲ್ಲ. "ಅದು ಬಾಗಿದ್ರೆ ನಿಮ್ಮಪ್ಪ ಬದುಕ್ತಿದ್ದ. ನಾನು ಬಾಗೋಕೆ ಬಿಡ್ಲಿಲ್ಲ."

"ಟೈರು ಸಿಡೀತಲ್ಲ ಮಾಮ, ಅದಕ್ಕೆ ನೀನೇನು ಮಾಡ್ತೀಯ?"

"ಟೈರು ಅವನನ್ನ ಗೋಡೆ ತನಕ ಕರ್ಕೊಂಡ್ಹೋಯ್ತು ಅಷ್ಟೆ. ಕೊಂದಿದ್ದು ನನ್ನ ಕೆಲಸ."

ಡಾರ್ಲಾ ಎದ್ದು ಹೋದಳು. ಅವಳ ಪಿಕಪ್ಪು ಎಬ್ಬಿಸಿದ ಕೆಂಧೂಳು ಜಗಲಿಯವರೆಗೂ ಬಂತು.

"ಒಂಬತ್ತು ವರ್ಷ ಇದನ್ನ ಹೊಟ್ಟೇಲಿಟ್ಕೊಂಡು ನನ್ನ ಪಕ್ಕ ಮಲಗಿದ್ಯಾ?" ಎಂದಳು ವರ್ನೆಲ್. "ಕಣ್ಣು ಮಂಜಂತೆ! ದಡ್ಡ ಮುಂಡೇದೆ." ಬೈದು ಮುಗಿಸಿ, ಅವನ ಭುಜಕ್ಕೆ ಒರಗಿ ಅತ್ತಳು.

ಮೂರು ವಾರದ ನಂತರ ಡಾರ್ಲಾ ಅದೇ ಕಾರನ್ನು ಟ್ರೈಲರಿನ ಮೇಲೆ ಎಳೆದುಕೊಂಡು ಬಂದಳು. ಕಣ್ಣು ಊದಿತ್ತು.

"ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಬೇರೆ ಯಾರ ಹತ್ರಾನೂ ಹೋಗೋಕೂ ಮನಸಿಲ್ಲ. ಬಾಗೋ ಹಾಗೆ ಮಾಡೋಕೆ ಬರುತ್ತಾ?"

"ಗೊತ್ತಿಲ್ಲ. ಕಲೀಬೇಕು."

ಅರವತ್ತರ ಹೊಸ್ತಿಲಲ್ಲಿ ಅವನು ಕಸುಬನ್ನು ತಿರುವುಮುರುವಾಗಿ ಕಲಿತ. ಡಾರ್ಲಾ ಕೂರುವ ಗೂಡನ್ನು ಮೊದಲಿನಷ್ಟೇ ಗಟ್ಟಿ ಉಳಿಸಿ, ಕಾರಿನ ಮೂತಿಯನ್ನು ಕತ್ತರಿಸಿ ತೆಳು ಕೊಳವೆ ಹಾಕಿದ, ಗುದ್ದಿದರೆ ಅಲ್ಲೇ ಮಡಚಲೆಂದು ಅದನ್ನೂ ಮುಂಚೆಯೇ ಕೊಂಚ ಬಗ್ಗಿಸಿ. ಶಿರಸ್ತ್ರಾಣವನ್ನು ಭುಜಕ್ಕೆ ಬಿಗಿಯುವ ಕತ್ತಿನ ಪಟ್ಟಿ ಇಲ್ಲದೆ ಕೂರಕೂಡದೆಂದು ಆಣೆ ಹಾಕಿಸಿಕೊಂಡ. ಆದರೂ ಇನ್ನೊಂದು ಅಡ್ಡಪಟ್ಟಿ ಬೆಸೆಯಲು ಅವನ ಕೈ ತುರಿಸುತ್ತಲೇ ಇತ್ತು. "ಕೈ ತೆಗಿ ಮಾಮ!" ಎಂದು ಡಾರ್ಲಾ ಗದರುತ್ತಿದ್ದಳು.

ಬೆಳಗಿನ ತಿಂಡಿಯ ಹೋಟೆಲಿನಲ್ಲಿ ರೇಸಿನ ಹಳೇ ಹುಲಿಗಳಿಗೆ ಇದಕ್ಕಿಂತ ಬೇರೆ ಸುದ್ದಿ ಬೇಕಿರಲಿಲ್ಲ. "ಏನಯ್ಯಾ ಡ್ಯೂಯಿ, ಬಿಸ್ಕತ್ತಿನಲ್ಲಿ ಕಾರು ಮಾಡ್ತಿದೀಯಂತೆ? ಅಪ್ಪನ್ನ ಕಳ್ಕೊಂಡ ಹುಡುಗಿ ಕಣೋ, ಅದನ್ನೂ ಅವನ ಹಿಂದೇನೇ ಕಳಿಸ್ಬೇಡ." ಡ್ಯೂಯಿ ಕಾಫಿ ಬಿಟ್ಟು ಎದ್ದ. ಅವರು ಹೇಳಿದ್ದೇ ನಿಜವಾದರೆ ಎಂಬ ಭಯ ಅವನಿಗೇ ಎಲ್ಲರಿಗಿಂತ ಹೆಚ್ಚಿತ್ತು.

ಡಾರ್ಲಾ ರೇಸಿಗಿಳಿದ ನಾಲ್ಕನೇ ಶನಿವಾರ ಮಧ್ಯಾಹ್ನ ಹಿಂದಿನವನೊಬ್ಬ ಅವಳ ಕಾರಿಗೆ ತಾಗಿಸಿದ. ಕಾರು ಮೂತಿ ಮುಂದಾಗಿ ಗೋಡೆಗೆ ಹೋಯಿತು. ಮಡಚಿಕೊಳ್ಳುವ ತಗಡಿನ ಕರಕರ ಸದ್ದು ಗ್ಯಾಲರಿಯವರೆಗೂ ಕೇಳಿಸಿತು. ನಮ್ಮಲ್ಲಿ ಆಗ ಯಾರೂ ಕಾರು ನೋಡುವುದಿಲ್ಲ, ಓಡಿಸುವವರ ಕಿಟಕಿಯ ಬಲೆ ನೋಡುತ್ತಾರೆ. ಒಳಗಿನವರು ಚೆನ್ನಾಗಿದ್ದರೆ ತಾವೇ ಬಲೆ ಬಿಚ್ಚಿ ಕೆಳಗೆ ಬಿಡುತ್ತಾರೆ. ಕಾಯ್‌ನ ಬಲೆಯನ್ನು ಬೇರೆಯವರು ಕೊಯ್ದಿದ್ದರು. ಇಡೀ ಗ್ಯಾಲರಿ ಎದ್ದು ನಿಂತಿತು. ಡ್ಯೂಯಿಗೆ ದೇವರ ಹೆಸರೂ ನೆನಪಾಗಲಿಲ್ಲ.

ಬಲೆ ಬಿತ್ತು.

ಅರವತ್ತರ ಮುದುಕ ಅಷ್ಟು ಜೋರಾಗಿ ಓಡಿದ್ದನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ. ಅವನು ತಲುಪುವಷ್ಟರಲ್ಲಿ ಡಾರ್ಲಾ ಹೊರಬಂದು, ಶಿರಸ್ತ್ರಾಣ ತೆಗೆದು ಮೂತಿಯ ಮುಂದೆ ನಿಂತಿದ್ದಳು. ಎಂಜಿನ್ನಿನವರೆಗೂ ಎಲ್ಲ ಮುದ್ದೆಯಾಗಿತ್ತು.

"ಮಾಮ, ಹಾಳಾಗೋಯ್ತು! ಅಪ್ಪನ ಕಾರು, ಎಲ್ಲಾ ಹಾಳಾಗೋಯ್ತು!"

"ಹಾಳಾಗ್ಲಿ ಬಿಡೆ." ಅವನು ಕಾರಿನತ್ತ ತಿರುಗಿಯೂ ನೋಡದೆ, ಎರಡೂ ಕೈಯಲ್ಲಿ ಅವಳ ಕತ್ತು ಹಿಡಿದ. "ತಲೆ ತಿರುಗ್ಸು ನೋಡೋಣ. ಎಡಕ್ಕೆ. ಈಗ ಬಲಕ್ಕೆ."

"ಏನೂ ಆಗಿಲ್ಲ ಮಾಮ. ಎಷ್ಟು ಸಲ ನೋಡ್ತೀಯ?"

"ಇನ್ನೊಂದ್ಸಲ," ಎಂದ ಡ್ಯೂಯಿ. "ಇನ್ನೊಂದೇ ಒಂದ್ಸಲ ತಿರುಗ್ಸೇ ತಾಯಿ."