ಬೀಫಾತುಮ್ಮನ ಹೆಸರಿನ ದೋಣಿ

ಕಡಬದ ಹತ್ತಿರ, ಕುಮಾರಧಾರೆಯ ದಡದಲ್ಲಿದ್ದ ಬೀಫಾತುಮ್ಮನ ಬಾಯಿಗೆ ಊರಿಗೆ ಊರೇ ಹೆದರುತ್ತಿತ್ತು. ಹೆದರದವನು ಗಂಡ ಇದ್ದಿನಬ್ಬ ಒಬ್ಬನೇ. ನಿದ್ದೆಯಲ್ಲಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಕಿವಿಯ ಚಿನ್ನದ ಅಲಿಕತ್ತು ಬಿಚ್ಚಿ ಮಾರಿ, ಒಂದೇ ಮರ ಕೊರೆದು ಮಾಡಿದ ಮೀನಿನ ದೋಣಿ ಕೊಂಡವಳು ಅವಳು. ಇದ್ದಿನಬ್ಬ ಅದರಲ್ಲಿ ಮಾಡಿದ ಒಂದೇ ಕೆಲಸವೆಂದರೆ ಮಲಗಿದ್ದು. ಆದರೂ ಊರವರ ಬಾಯಲ್ಲಿ ಅದು 'ಇದ್ದಿನಬ್ಬನ ದೋಣಿ'. ಅವನು ಸತ್ತು ಮಣ್ಣಾದ ಮೇಲೂ ಅದೇ ಹೆಸರು. ಕೇಳಿದಾಗಲೆಲ್ಲ ಬೀಫಾತುಮ್ಮನಿಗೆ ಮೈಯೆಲ್ಲ ಉರಿ. ದುಡಿದವಳು ಇವಳು, ಹೆಸರು ಗೊರಕೆ ಹೊಡೆದವನಿಗೆ!

ದೋಣಿ ನಡೆಸಿ ಬಲೆ ಬೀಸುತ್ತಿದ್ದವನು ನೆರೆಮನೆಯ ಡೊಂಬಯ್ಯ. ಸಿಕ್ಕಿದ ಮೀನಿನಲ್ಲಿ ಅರ್ಧ ಅವನಿಗೆ, ಅರ್ಧ ದೋಣಿಗೆ. ದೋಣಿಯ ಪಾಲನ್ನು ಮಾರಿಯೇ ಅವಳ ಒಲೆ ಹೊತ್ತುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ದೋಣಿಗೆ ಕಲ್ಲು ತುಂಬಿ ಗುಂಡಿಯಲ್ಲಿ ಮುಳುಗಿಸಿಡುವುದು ಅಲ್ಲಿಯ ಕ್ರಮ. ಬಿಸಿಲಿಗೆ ಬಿಟ್ಟರೆ ಮರ ಒಡೆಯುತ್ತದೆ. ಮತ್ತೆ ಎತ್ತುವುದು ಮಳೆ ಬಂದ ಮೇಲೆಯೇ.

೧೯೫೯ರ ಬೇಸಿಗೆಯಲ್ಲಿ ಮೀನಿನ ಆಫೀಸರೊಬ್ಬರು ಪುತ್ತೂರಿನ ಬಸ್ಸಿನಿಂದ ಇಳಿದರು. ಮಾರಲು ಮೀನು ಹಿಡಿಯುವ ದೋಣಿಗಳಿಗೆಲ್ಲ ಇನ್ನು ಲೈಸನ್ಸು ಬೇಕಂತೆ, ಇಲ್ಲದಿದ್ದರೆ ಜಪ್ತಿಯಂತೆ. ಕಡಲಿಗೆ ಹೊಲಿದ ಕಾನೂನಿನ ಅಂಗಿಯನ್ನು ಹೊಳೆಗೆ ತೊಡಿಸಲು ಬಂದಿದ್ದರು, ಪಾಪ.

"ದೋಣಿ ಎಲ್ಲಿ?"

"ನೀರಿನ ಅಡಿಯಲ್ಲಿ ಉಂಟು ಸ್ವಾಮಿ," ಎಂದ ಡೊಂಬಯ್ಯ. "ಈಗ ಎತ್ತಿದ್ರೆ ಒಡೀತದೆ."

ಆಫೀಸರು ಕೆಟ್ಟವರೇನಲ್ಲ. "ಸರಿ, ಮಳೆಗಾಲದಲ್ಲೇ ಬರುತ್ತೇನೆ. ನಂಬ್ರವನ್ನೂ ಮಾಲಿಕರ ಹೆಸರನ್ನೂ ಆಗ ದೋಣಿಯ ಮೇಲೆ ಬಣ್ಣದಲ್ಲಿ ಬರೆಸೋಣ. ಇದು ಇದ್ದಿನಬ್ಬನ ದೋಣಿಯಲ್ಲವೇ?" ಎಂದರು.

ಬೀಫಾತುಮ್ಮನಿಗೆ ಅಷ್ಟು ಸಾಕಾಯಿತು. "ಯಾವ ಇದ್ದಿನಬ್ಬ? ಬೀಫಾತುಮ್ಮ ಅಂತ ಬರೆಸಿ. ಮಳೆಗಾಲಕ್ಕೆ ಎಂತಕ್ಕೆ? ಈಗಲೇ ಬರೆಸಿ!"

ದೋಣಿ ಮೇಲೆ ಬಂತು, ಒಣಗಿತು. ಸರಕಾರದ ಬಿಳಿ ಬಣ್ಣದಲ್ಲಿ, ಯಾರೂ ಅಲ್ಲಗಳೆಯಲಾಗದ ಹಾಗೆ, ಅವಳ ಹೆಸರು ಕೂತಿತು. ಬೀಫಾತುಮ್ಮನಿಗೆ ಓದು ಬಾರದು. ಅವಳು ಕೊಡೆ ಬಿಡಿಸಿ ದೋಣಿಯ ಪಕ್ಕದಲ್ಲೇ ಕೂತಳು. ದಾರಿಯಲ್ಲಿ ಹೋದವರನ್ನೆಲ್ಲ ನಿಲ್ಲಿಸಿ, "ಇಲ್ಲಿ ಎಂತ ಬರ್ದದ್ದು? ಸ್ವಲ್ಪ ಓದಿ ಮಾರಾಯ್ರೆ," ಎಂದಳು. ಕೊಡೆ ಇದ್ದದ್ದು ಅವಳ ತಲೆಗೆ, ದೋಣಿಗಲ್ಲ.

"ಬಣ್ಣ ಒಣಗಿತಲ್ಲ, ಇನ್ನು ಮುಳುಗಿಸುವ," ಎಂದ ಡೊಂಬಯ್ಯ.

"ನಾಳೆ ಶುಕ್ರವಾರ, ಜುಮ್ಮಾಕ್ಕೆ ಹೋಗುವವರು ನೋಡ್ಲಿ."

ಜುಮ್ಮಾ ಮುಗಿಯಿತು. ಸಂತೆಗೆ ಹೋಗುವವರು ಬಾಕಿ ಇದ್ದರು.

"ಹೆಸರನ್ನು ಬೇಯಿಸಿ ತಿನ್ಲಿಕ್ಕೆ ಆಗ್ತದಾ?" ಡೊಂಬಯ್ಯ ರೇಗಿದ.

"ಇಷ್ಟು ವರ್ಷ ನಿನ್ನ ಬಾಯಲ್ಲಿ ಇದ್ದಿನಬ್ಬನ ದೋಣಿ ಅಂತಲೇ ಬರ್ತಿತ್ತಲ್ಲ? ಸುಮ್ಮನೆ ಕೂತ್ಕೊ."

ಸಂತೆಯ ದಿನ ಮಧ್ಯಾಹ್ನ ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ದೋಣಿ ತುದಿಯಿಂದ ತುದಿಗೆ ಬಿರಿದಿತ್ತು. ಬಿರುಕಿಗೆ ಡಾಮರು, ತೆಂಗಿನ ನಾರು ಯಾವುದೂ ನಿಲ್ಲಲಿಲ್ಲ. ಮಳೆ ಬಂದಾಗ ಡೊಂಬಯ್ಯ ಬೇರೆಯವರ ದೋಣಿಗೆ ಹೋದ. ಬೀಫಾತುಮ್ಮ ಬೇರೆಯವರ ಮೀನು ಹೊತ್ತು ಮಾರಿದಳು. ಒಂದೇ ಒಂದು ಲಾಭವಾಯಿತು: ಒಡೆದ ಮೇಲೆ ಊರವರೆಲ್ಲ ಅದನ್ನು 'ಬೀಫಾತುಮ್ಮನ ದೋಣಿ' ಎನ್ನತೊಡಗಿದರು.

ಮರುವರ್ಷ ಲೈಸನ್ಸು ಹೊಸತು ಮಾಡಲು ಆಫೀಸರು ಬಂದಾಗ, ಹೆಸರಿದ್ದ ತುಂಡು, ತುದಿಗಳಿಗೆ ಹಲಗೆ ಬಡಿಸಿಕೊಂಡು, ಅಂಗಳದಲ್ಲಿ ಮರಿಗೆಯಾಗಿತ್ತು. ಆಡು ಅದರಲ್ಲಿ ಅಕ್ಕಿ ತೊಳೆದ ಅಕ್ಕಚ್ಚು ಕುಡಿಯುತ್ತಿತ್ತು.

"ಇದೇನಮ್ಮ, ದೋಣಿ?"

"ಇದೇ ಸ್ವಾಮಿ. ಇನ್ನು ಲೈಸನ್ಸು ಬೇಕಾದ್ರೆ ಆಡಿನ ಹತ್ರ ಕೇಳಿ."

ಆಫೀಸರು ಬಸ್ಸಿನ ಕಡೆ ನಡೆದರು. ಬೀಫಾತುಮ್ಮ ತಲೆವಸ್ತ್ರದ ಅಂಚಿನಿಂದ ಬಿಳಿ ಅಕ್ಷರಗಳ ಮೇಲೆ ಚೆಲ್ಲಿದ ಅಕ್ಕಚ್ಚನ್ನು ಒರೆಸಿ, ಆಡಿನ ಮೂತಿಯನ್ನು ಆಚೆ ತಳ್ಳಿದಳು.

"ಕುಡಿಯುದು ಕುಡಿ. ಅದನ್ನು ಮಾತ್ರ ನೆಕ್ಬೇಡ. ನನ್ನ ಕಿವಿಯ ಚಿನ್ನ ಅದು."