ಜಗಲಿಯ ಮೇಲೆ ಪರಸೆಯವರು

ಹೊಸಿಲು ಬಂದರೆ ಸಾಕು, ದೊಡ್ಡಪ್ಪನ ಹೆಬ್ಬೆರಳುಗಳು ನೆಲ ಕಚ್ಚಿಕೊಳ್ಳುತ್ತಿದ್ದವು. ಮೈ ಮುಂದಕ್ಕೆ ಬಾಗುತ್ತಿತ್ತು, ಪಾದ ಮಾತ್ರ ಮಾತು ಕೇಳುತ್ತಿರಲಿಲ್ಲ. ಬಿದ್ದರೆ ಹಿಡಿಯಲೆಂದು ಹಿಂದೆ ಎರಡೂ ಕೈ ಚಾಚಿ ನಿಂತ ನಾನು ಕೋಳಿ ಹಿಡಿಯುವವನ ಹಾಗೆ ಕಾಣುತ್ತಿದ್ದೆನಂತೆ. "ನೀನೇ ಬಿದ್ದೀಯೆ, ಈ ಕಡೀಕ್ ಬಾ" ಎನ್ನುತ್ತಿದ್ದರು ದೊಡ್ಡವ್ವ.

ಕೌದಳ್ಳಿಯಲ್ಲಿ ರಸ್ತೆಗೇ ಅಂಟಿಕೊಂಡ ಮನೆ ಅವರದು. ಮುಂದುಗಡೆ ಮಗ ನೋಡಿಕೊಳ್ಳುವ ದಿನಸಿ ಅಂಗಡಿ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಆ ಜಗಲಿಯ ಮೇಲೆ ದಣಿವಾರಿಸಿಕೊಳ್ಳುವರು. ಅವರ ಎಲೆಗೆ ಅನ್ನ ಬೀಳದೆ ದೊಡ್ಡಪ್ಪ ತಟ್ಟೆಗೆ ಕೈ ಇಟ್ಟವರಲ್ಲ.

ಹಾಗಾಗಿ, ಪರಸೆಯೇ ಇಲ್ಲದ ಕಾಲದಲ್ಲಿ ಅವರು ಖಾಲಿ ಜಗಲಿ ತೋರಿಸಿ "ಐದಾರ್ ಜನ ಅವ್ರೆ, ಮಜ್ಗೆ ತತ್ತಾ" ಎಂದಾಗ ಊರಿಗೆ ಭಯವಾಗಲಿಲ್ಲ, ಭಕ್ತಿ ಬಂತು. ಯಾರಿಗೂ ಕಾಣದ ಮಾದಪ್ಪನ ಒಕ್ಕಲು ಇವರ ಕಣ್ಣಿಗೆ ಬೀಳುವುದೆಂದರೆ ಸಾಮಾನ್ಯವೇ? ಒಬ್ಬಾಕೆ ಹಣ್ಣುಕಾಯಿ ಇಟ್ಟು, ಮಗಳ ಮದುವೆ ಯಾವಾಗ ಎಂದು ಕೇಳಿಯೇಬಿಟ್ಟಳು. ದೊಡ್ಡಪ್ಪ ದಿಟ್ಟಿಸಿ ನೋಡಿ, "ಮೊದ್ಲು ಕುಂತ್ಕೊ, ಉಣ್ಣು" ಎಂದರು. ಆಕೆ ಅದನ್ನೇ ಶುಭ ಸೂಚನೆಯೆಂದುಕೊಂಡು ಹೋದಳು.

ನಾನು ಕೊಳ್ಳೇಗಾಲದವನು, ತಲೆನೋವು ಬಂದರೆ ಉಯಿಲು ಬರೆಯುವ ಯೋಚನೆ ಮಾಡುವವನು. ಮೈಸೂರಿಗೆ ಕರೆದೊಯ್ದೆ. ಲೂಯಿ ಬಾಡಿ ಡಿಮೆನ್ಶಿಯಾ ಎಂಬ ಮಿದುಳಿನ ಕಾಯಿಲೆ ಎಂದರು ಡಾಕ್ಟರು. ಮರೆವಿಗಿಂತ ಮೊದಲೇ ಇಲ್ಲದವರು ಕಾಣಿಸಬಹುದು, ಕೈಕಾಲು ಬಿಗಿಯಬಹುದು, ಒಂದು ದಿನ ತಿಳಿಯಾಗಿದ್ದರೆ ಇನ್ನೊಂದು ದಿನ ಮಂಕು. ಸುಮ್ಮನಾಗಿಸುವ ಮಾತ್ರೆ ಯಾರು ಕೊಟ್ಟರೂ ನನ್ನನ್ನು ಕೇಳದೆ ಹಾಕಬೇಡಿ, ಮೈ ಮರಗಟ್ಟೀತು. ಅವರ ಜೊತೆ ವಾದಿಸಬೇಡಿ ಎಂದರು. ತಲೆಯಾಡಿಸಿ ಬಂದವನು ಮುಂದಿನ ಭಾನುವಾರವೇ ವಾದಿಸಿದೆ.

ಕಾರಣವಿತ್ತು. ದೊಡ್ಡಪ್ಪ ಊಟ ಬಿಟ್ಟಿದ್ದರು. ಅಂಗಿಯ ಕಾಲರಿನಲ್ಲಿ ಇನ್ನೊಂದು ಕತ್ತು ಹಿಡಿಸುವಷ್ಟು ಇಳಿದುಹೋಗಿದ್ದರು.

"ದೊಡ್ಡಪ್ಪ, ಅಲ್ಲಿ ಯಾರೂ ಇಲ್ಲ. ಉಣ್ಣಿ."

ತಟ್ಟೆ ಗೋಡೆಗೆ ಬಡಿಯಿತು. ಸಾರು ಒರೆಸುತ್ತಾ ದೊಡ್ಡವ್ವ ಬೈದದ್ದು ನನ್ನನ್ನು. "ಅವರ್ ಕಣ್ಗೆ ಅವ್ರೆ, ನಿನ್ ಕಣ್ಗಿಲ್ಲ. ಈಗ ಉಣ್ಬೇಕಾದೋರ್ ಯಾರು, ನೀನಾ ಅವ್ರಾ? ಎಲೆ ತಕಂಡ್ ಬಾ."

ದೊಡ್ಡವ್ವ ಜಗಲಿಯುದ್ದಕ್ಕೂ ಎಲೆ ಹಾಕಿ, ಒಂದೊಂದಕ್ಕೂ ಒಂದು ತುತ್ತು ಬಡಿಸಿ, ಬಗ್ಗಿ "ಸಾಕಾ ಸಾಮಿ?" ಎಂದು ಕೇಳಿಕೊಂಡು ಬಂದರು. ದೊಡ್ಡಪ್ಪ ಉಂಡರು. ದೊಡ್ಡವ್ವ ಒಳಗೆ ಹೋಗಿ ಸೊಂಟ ಹಿಡಿದು ಕೂತರು.

"ಮೂರೊತ್ತೂ ಇಂಗೇ ಕಣ್ ಮಗ. ಮಲಗಿದ್ರೆ ನಿದ್ದೇಲಿ ಒದೀತಾರೆ. ನಂಗ್ಯಾರ್ ಬಡ್ಸದು?"

ಭಾನುವಾರದ ಬಡಿಸುವ ಕೆಲಸ ವಹಿಸಿಕೊಂಡೆ. ಇಲ್ಲದವರಿಗೆ ಸಾರು ಸಾಲದೇ ಹೋದೀತೆಂಬ ಚಿಂತೆಯೂ ಶುರುವಾಯಿತು.

ಒಂದು ದಿನ ದೊಡ್ಡಪ್ಪನ ಕಣ್ಣು ತಿಳಿಯಾಗಿತ್ತು. ನನ್ನ ಬಡಿಸುವಿಕೆಯನ್ನೇ ನೋಡುತ್ತಿದ್ದು, ಮೆಲ್ಲಗೆ ಹೇಳಿದರು: "ಲೇ, ಅಲ್ಲಿ ಯಾರೂ ಇಲ್ಲ ಅಂತ ಒಂದೊಂದ್ಸಲ ನಂಗೂ ಗೊತ್ತಾಯ್ತದೆ ಕಣ್ಲಾ. ಆದ್ರೂ ಕಾಣ್ತಾರಲ್ಲ. ಅಸ್ಕಂಡ್ ಕುಂತವ್ರೆ. ಅವರ್ ಮುಂದೆ ಎಂಗ್ ಉಣ್ಣದು?"

ಕೊನೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದರು. ದೊಡ್ಡವ್ವ ಗಂಜಿಯ ಚಮಚ ಹಿಡಿದರೆ ತುಟಿ ಬಿಗಿದುಕೊಂಡರು. ಬೈಕಿನ ಧೂಳು ಮೆತ್ತಿದ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಈವಯ್ಯ ಯಾರಮ್ಮಿ? ದೂರದಿಂದ ನಡ್ಕಂಡ್ ಬಂದವ್ನೆ. ಮೊದ್ಲು ಅವನ್ಗೆ ಬಡ್ಸು."

ಹನೂರಿನಲ್ಲಿ ಹೊಟ್ಟೆ ಬಿರಿಯ ಇಡ್ಲಿ ತಿಂದು ಬಂದಿದ್ದೆ. ನಾನು ನಿಮ್ಮ ತಮ್ಮನ ಮಗ ಎನ್ನಲು ಬಾಯಿ ತೆರೆದೆ. ದೊಡ್ಡವ್ವ ಕಣ್ಣಲ್ಲೇ ತಡೆದು ಎಲೆ ಹಾಕಿದರು. ಮುದ್ದೆ ಇಳಿಯಲೊಲ್ಲದು, ದೊಡ್ಡಪ್ಪನ ದೃಷ್ಟಿ ನನ್ನ ಗಂಟಲಿನಿಂದ ಕದಲಲೊಲ್ಲದು. ಕೊನೆಯ ತುತ್ತು ನುಂಗಿ "ತುಂಬ್ತು ಸಾಮಿ" ಎಂದೆ. ಆಗ ದೊಡ್ಡಪ್ಪ ಗಂಜಿಗೆ ಬಾಯಿ ತೆರೆದರು.

ಮುಂದಿನ ಭಾನುವಾರಕ್ಕೆ ಅವರಿರಲಿಲ್ಲ. ಕೊನೆಗೂ ನನ್ನ ಗುರುತು ಸಿಗಲಿಲ್ಲವಲ್ಲ ಎಂದು ಬಹಳ ದಿನ ಕೊರಗಿದೆ. ಕೊರಗುವುದು ನನಗೆ ಚೆನ್ನಾಗಿ ಬರುತ್ತದೆ. ಗುರುತೇ ಸಿಗದವನನ್ನೂ ಉಣ್ಣಿಸಿ ಆಮೇಲೆ ಉಂಡರು ಎಂಬುದು ಹೊಳೆಯಲು ತಡವಾಯಿತು.