ಎಣಿಕೆ ಮುಗಿದ ಮೇಲೆ ಬಂದವರು

ನಮ್ಮ ದೊಡ್ಡಮ್ಮ ಇಪ್ಪತ್ತೊಂಬತ್ತು ವರ್ಷ ಜೈಲಿನಲ್ಲಿದ್ದಳು. ಮನೆಗೆ ಹೊಸಬರು ಬಂದಾಗಲೆಲ್ಲ ಅಮ್ಮ ತನ್ನ ಅಕ್ಕನನ್ನು ಹೀಗೆಯೇ ಪರಿಚಯ ಮಾಡಿಕೊಡುತ್ತಿದ್ದಳು. ಅವರ ಮುಖದ ಬಣ್ಣ ಇಳಿಯುವುದನ್ನು ಕಣ್ತುಂಬ ನೋಡಿಕೊಂಡು, ಆಮೇಲೆ "ದಾಖಲೆ ಕೋಣೇಲಿ ಗುಮಾಸ್ತೆ" ಎಂದು ಸೇರಿಸುತ್ತಿದ್ದಳು. ದೊಡ್ಡಮ್ಮ ನಗುತ್ತಿರಲಿಲ್ಲ. "ದಿನಾ ಸಂಜೆ ಐದೂವರೆಗೆ ಬಿಡುಗಡೆ ಆಗ್ತಿತ್ತಲ್ಲ, ಅದನ್ನೂ ಹೇಳು" ಎನ್ನುತ್ತಿದ್ದಳು.

ಆ ಕೋಣೆಯನ್ನು ನಾನು ಚಿಕ್ಕವಳಿದ್ದಾಗಲೇ ನೋಡಿದ್ದೆ. ಜೈಲಿನ ದೊಡ್ಡ ಬಾಗಿಲಿನ ಎಡಕ್ಕೆ ಆರು ಮೆಟ್ಟಿಲು, ಮೇಲೆ ತಗ್ಗಾದ ಬಾಗಿಲು. ಕಬ್ಬಿಣದ ಕಪಾಟುಗಳ ತುಂಬ ದಿಂಬಿನಷ್ಟು ದಪ್ಪ ಪುಸ್ತಕಗಳು, ಬೆನ್ನಿಗೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಇಸವಿ. ನುಸಿಗುಳಿಗೆಯ ವಾಸನೆ ಮೂಗಿಗೆ ಮೊದಲು, ಪುಸ್ತಕ ಕಣ್ಣಿಗೆ ಆಮೇಲೆ. ದೊಡ್ಡಮ್ಮ ದೊಡ್ಡಪ್ಪನ ಹಳೆಯ ಅಂಗಿಯ ತೋಳುಗಳನ್ನು ಕತ್ತರಿಸಿ, ತುದಿಗೆ ಎಲಾಸ್ಟಿಕ್ ಹಾಕಿ, ಮೊಣಕೈವರೆಗೆ ತೊಟ್ಟುಕೊಳ್ಳುತ್ತಿದ್ದಳು. ಶಾಯಿಯೂ ದೂಳೂ ಆ ತೋಳಿಗೆ. ಮನೆಗೆ ಬರುವುದು ವಾಸನೆ ಮಾತ್ರ.

ಹೊಸದಾಗಿ ಬಂದವರನ್ನು ಒಳಗೆ ಕಳಿಸುವ ಮುನ್ನ ಅವಳ ಮುಂದೆ ನಿಲ್ಲಿಸುತ್ತಿದ್ದರು. ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ಎತ್ತರ, ಮೈಮೇಲಿನ ಗುರುತು, ಯಾವ ಠಾಣೆಯವರು ಹಿಡಿದು ತಂದರು, ಕೈಯಲ್ಲಿ ಏನಿತ್ತು. ಅದಿಷ್ಟನ್ನೂ ಬರೆದು, ಸಾಮಾನನ್ನು ಚೀಲಕ್ಕೆ ಹಾಕಿ ದಾರ ಕಟ್ಟಿ, ರುಜು ಇಲ್ಲವೇ ಹೆಬ್ಬೆಟ್ಟು.

"ದೊಡ್ಡಮ್ಮ, ನೀನು ಕಳ್ಳರನ್ನ ನೋಡಿದ್ದೀಯಾ?" ಎಂದು ಕೇಳುತ್ತಿದ್ದೆವು.

"ಹೆಸರು ಬರ್ಕೊಂಡಿದೀನಿ ಕಣ್ರೇ. ಹೆಸರಲ್ಲಿ ಕಳ್ಳತನ ಕಾಣ್ಸಲ್ಲ."

ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಒಳಗಿದ್ದು ಬಂದವರು ಯಾರಾದರೂ ರಸ್ತೆಯಲ್ಲಿ ಅವಳನ್ನು ಕಂಡು ದಿಢೀರನೆ ಆಚೆ ಬದಿಗೆ ದಾಟಿದರೆ, ಅವಳೂ ಅಂಗಡಿಯ ಸಾಲಿನ ಕಡೆ ಮುಖ ತಿರುಗಿಸಿಬಿಡುತ್ತಿದ್ದಳು. ಅವರಿಗೆ ಮುಜುಗರವಾಗಬಾರದೆಂದು ಬೇಡದ ಬಕೆಟ್ಟಿನ ಬೆಲೆ ಕೇಳಿದ್ದೂ ಉಂಟು.

ದಾಖಲೆ ಕೇಳಿಕೊಂಡು ಬರುವವರು ಮಾತ್ರ ಅವಳನ್ನು ಹುಡುಕಿಕೊಂಡೇ ಬರುತ್ತಿದ್ದರು. ಕೆಲಸಕ್ಕೆ ಸೇರಲು ಹೋದಾಗ ಹಳೆಯ ದಸ್ತಗಿರಿ ಅಡ್ಡ ಬಂದವರು, ಖುಲಾಸೆಯಾದದ್ದನ್ನು ತೋರಿಸಬೇಕಾದವರು, ಅಪ್ಪ ಯಾವಾಗ ಒಳಗಿದ್ದ ಎಂದು ತಿಳಿಯಬೇಕಾದ ಮಕ್ಕಳು. ಅವಳು ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದಳು. ಮೊದಲು ಹಿಡಿದ ಠಾಣೆಗೆ ಹೋಗಿ. ದಸ್ತಗಿರಿ ಪುಸ್ತಕ ಅವರ ಹತ್ತಿರ ಇರುತ್ತದೆ. ಅಲ್ಲಿ ಹಳೆಯದನ್ನು ಸುಟ್ಟಿದ್ದರೆ, ಸುಟ್ಟಿದ್ದೇವೆಂದು ಬರೆಸಿಕೊಂಡು ಇಲ್ಲಿಗೆ ಬನ್ನಿ. ಜೈಲಿನ ಪುಸ್ತಕ ಸುಡುವುದಿಲ್ಲ. ಅರ್ಜಿಯಲ್ಲಿ ಆಗಿನ ವಯಸ್ಸು ಹಾಕಿ, ಈಗಿನದಲ್ಲ. ನಿಮ್ಮದೇ ದಾಖಲೆಯಾದರೆ ನಿಮ್ಮ ಗುರುತಿನ ಚೀಟಿ ಸಾಕು. ಬೇರೆಯವರದಾದರೆ ಅವರಿಗೂ ನಿಮಗೂ ಏನು ಸಂಬಂಧ ಎನ್ನುವುದಕ್ಕೆ ಕಾಗದ ಬೇಕು. ಒಂದೇ ಸಲಕ್ಕೆ ಸಿಗಲಿಲ್ಲವೆಂದು ಅಳಬೇಡಿ.

ಅವಳು ನಿವೃತ್ತಳಾದ ಮೂರನೆಯ ವರ್ಷ ನಾನು ಕಾಲೇಜಿಗೆಂದು ಅವಳ ಮನೆಯಲ್ಲಿದ್ದೆ. ಒಂದು ಬೆಳಗ್ಗೆ ಐವತ್ತು ದಾಟಿದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಬಟ್ಟೆಯಂಗಡಿಗಳಿಗೆ ಕಾಜಾ, ಅಂದರೆ ಅಂಗಿಯ ಗುಂಡಿತೂತು, ಹೊಲಿದುಕೊಡುವ ಕೆಲಸ ಅವಳದು; ನನ್ನ ಬಾಯಲ್ಲಿ ಅವಳು ಕಾಜಾ ಅಕ್ಕ ಆದಳು. ಬಲಗೈಯ ತೋರುಬೆರಳು ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿತ್ತು. ಜೈಲಿನ ಎದುರಿನ ಟೀ ಅಂಗಡಿಯವನು ಕಳಿಸಿದ್ದನಂತೆ.

"ಪುಸ್ತಕದಮ್ಮ ಅಂದ್ರೆ ನೀವೇನಾ?"

"ಪುಸ್ತಕ ಬಿಟ್ಟು ಮೂರು ವರ್ಷ ಆಯ್ತು. ಬರೀ ಅಮ್ಮ ಈಗ. ಒಳಗೆ ಬನ್ನಿ."

ಕಾಜಾ ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತಳು. ಮೂವತ್ತೆರಡು ವರ್ಷದ ಹಿಂದೆ, ಒಂದು ಸಂಜೆ, ಹಾಸಿಗೆ ಹಿಡಿದಿದ್ದ ತಾಯಿಗೆ ಕೆಮ್ಮಿನ ಔಷಧಿ ತರಲು ಅವಳು ಪೇಟೆಗೆ ಹೋಗಿದ್ದಳು. ತಿರುಗಿ ಬರುವಾಗ ಗಿರಣಿಯ ಮುಂದೆ ಮುಷ್ಕರದವರನ್ನು ಪೊಲೀಸರು ಅಟ್ಟುತ್ತಿದ್ದರು. ರಸ್ತೆಯಲ್ಲಿದ್ದವರನ್ನೆಲ್ಲ ವ್ಯಾನಿಗೆ ತುಂಬಿದರು, ಇವಳನ್ನೂ. ಮೂರನೆಯ ದಿನ ಕೇಸಿಲ್ಲದೆ ಬಿಟ್ಟರು. ಅಷ್ಟರಲ್ಲಿ ತಾಯಿ ತೀರಿಕೊಂಡು, ಮಣ್ಣೂ ಆಗಿಹೋಗಿತ್ತು. ಅಣ್ಣ ಬಾಗಿಲು ತೆಗೆಯಲಿಲ್ಲ. ಔಷಧಿಗೆಂದು ಹೊರಟವಳು ತಾಯಿಯನ್ನು ಬಿಟ್ಟು ಯಾರದೋ ಜೊತೆ ತಿರುಗಲು ಹೋಗಿದ್ದಳು ಎಂದೇ ಅವನು ನಂಬಿದ್ದ. "ಔಷಧಿ ಹಿಡ್ಕೊಂಡು ಹೋಗೋರನ್ನ ಯಾವ ಪೊಲೀಸು ಹಿಡೀತಾನೆ? ಕಾಗದ ತೋರಿಸು, ಆಮೇಲೆ ಹೊಸಿಲು ದಾಟು" ಎಂದು ಒಳಗಿನಿಂದಲೇ ಕೂಗಿದ್ದ.

"ಆಗ್ಲೇ ತೋರಿಸ್ಬೇಕಿತ್ತಲ್ಲಮ್ಮ" ಎಂದಳು ದೊಡ್ಡಮ್ಮ.

"ನನಗೂ ಹಟ ಬಂತು. ಒಡಹುಟ್ಟಿದವನಿಗೆ ಬಾಯಿಮಾತು ಸಾಲ್ದಾ ಅಂತ. ಹಟದಲ್ಲಿ ನಾವಿಬ್ರೂ ಒಂದೇ ಅಚ್ಚು." ಅವಳು ಸ್ವಲ್ಪ ನಕ್ಕಳು. "ಈಗ ಅವನು ಸೈಕಲ್ ಶಾಪು ಮುಚ್ಚಿ ಮನೇನೂ ಮಾರ್‍ಬಿಟ್ಟ. ತಿಂಗಳ ಕೊನೇಗೆ ಮಗಳ ಊರಿಗೆ ಹೊರಟೋಗ್ತಾನೆ. ಆಮೇಲೆ ನಾನು ಯಾವ ಹೊಸಿಲ ಮುಂದೆ ನಿಲ್ಲಲಿ?"

ಹಟ ಬಿಟ್ಟು ಅವಳು ಠಾಣೆಗೆ ಹೋಗಿದ್ದಳು. ಹಳೆಯ ಪುಸ್ತಕ ಸುಟ್ಟಾಗಿತ್ತು. ಜೈಲಿಗೆ ಅರ್ಜಿ ಹಾಕಿದಳು. ಎರಡು ವಾರಕ್ಕೆ ಮುದ್ರೆ ಒತ್ತಿದ ಉತ್ತರ ಬಂತು: ಸದರಿ ದಿನಾಂಕದಂದು ಈ ಹೆಸರಿನವರು ದಾಖಲಾಗಿಲ್ಲ. ಗಾಯದ ಮೇಲೆ ಬರೆ ಎಳೆದಂತೆ, ಆ ಉತ್ತರವನ್ನು ನೆರೆಮನೆಯವರು ಅಣ್ಣನ ಕಿವಿಗೂ ಮುಟ್ಟಿಸಿದ್ದರು.

ದೊಡ್ಡಮ್ಮ ಉತ್ತರದ ಕಾಗದವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ವ್ಯಾನಿಂದ ಇಳಿಸಿದಾಗ ಅಡುಗೆಮನೇಲಿ ಪಾತ್ರೆ ತೊಳೀತಿದ್ರಾ?"

ಕಾಜಾ ಅಕ್ಕ ಕಣ್ಣು ಕಿರಿದು ಮಾಡಿ ಯೋಚಿಸಿದಳು. "ಹೂಂ. ಊಟ ಮುಗಿದೋಯ್ತು ಅಂದ್ರು. ಆ ರಾತ್ರಿ ಹಸ್ಕೊಂಡೇ ಮಲಗಿದ್ವಿ. ಮುಂದಿನ ಕೋಣೇಲಿ, ಬೆಂಚಿನ ಮೇಲೆ."

"ಹಾಗಾದ್ರೆ ಇದೆ. ಒಂದು ಹಾಳೆ ಆಚೆ ಇದೆ."

ಸಂಜೆ ಐದಕ್ಕೆ ಜೈಲಿನಲ್ಲಿ ತಲೆ ಎಣಿಸಿ, ಲೆಕ್ಕವನ್ನು ಮೇಲಿನವರಿಗೆ ಒಪ್ಪಿಸಿ, ಪುಸ್ತಕದಲ್ಲಿ ಆ ದಿನದ ಕೆಳಗೆ ಗೆರೆ ಎಳೆಯುತ್ತಿದ್ದರು. ಗೆರೆ ಎಳೆದ ಮೇಲೆ ಒಬ್ಬರು ಸೇರಿದರೂ ಕಾವಲು, ಅಡುಗೆ, ಹಾಸಿಗೆ, ಎಲ್ಲ ಲೆಕ್ಕವೂ ತಿದ್ದಬೇಕು. ಅದಕ್ಕೇ ಎಣಿಕೆ ಮುಗಿದ ಮೇಲೆ ಬಂದವರನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಮರುದಿನದ ತಾರೀಖಿಗೆ ಬರೆಯುವುದು ರೂಢಿ. ಷರಾ ಕಾಲಮ್ಮಿನಲ್ಲಿ ಮಾತ್ರ "ಹಿಂದಿನ ಸಂಜೆ ಬಂದದ್ದು" ಎಂದು ಸಣ್ಣದಾಗಿ ಬೀಳುತ್ತಿತ್ತು. ಇದು ಯಾವ ನಿಯಮದಲ್ಲೂ ಇರಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದಿತ್ತು. ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿದವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಅಂದೇ ಹೊರಟೆವು. ದೊಡ್ಡಮ್ಮನ ಕುರ್ಚಿಯಲ್ಲಿ ಈಗ ಎಳೆಯ ಗುಮಾಸ್ತನೊಬ್ಬ ಕೂರುತ್ತಿದ್ದ. ಅವನು ಎದ್ದು ನಿಂತನಾದರೂ ಪಟ್ಟು ಬಿಡಲಿಲ್ಲ.

"ಮೇಡಂ, ಹುಡುಕಿ ಆಯ್ತು. ಆ ದಿನ ಇಲ್ಲ."

"ಆ ದಿನ ಇಲ್ಲ ಅಂತ ನಾನೂ ಒಪ್ತೀನಪ್ಪ. ಹೊಸ ಅರ್ಜಿ ಬರೀತಾರೆ, ಆ ದಿನ ಮತ್ತು ಮರುದಿನ ಅಂತ. ಹೆಂಗಸರ ಪುಸ್ತಕ ಬೇರೆ, ಮೂಲೆ ಕಪಾಟಿನ ಕೆಳಗಿನ ಸಾಲು. ತೆಗೀತೀಯಾ, ಇಲ್ಲಾ ನಾನೇ ಬಗ್ಗಲಾ? ಬಗ್ಗಿದ್ರೆ ಎಬ್ಬಿಸೋಕೆ ಇಬ್ರು ಬೇಕು."

ಅವನು ನಗು ತಡೆದುಕೊಂಡು ತಾನೇ ಬಗ್ಗಿದ.

ಕಾಜಾ ಅಕ್ಕ ಅರ್ಜಿ ಬರೆದಳು. ಅಕ್ಷರಕ್ಕೊಂದು ಹೊಲಿಗೆ ಹಾಕಿದಂತೆ ನಿಧಾನ. ಯಾಕೆ ಬೇಕು ಎನ್ನುವ ಕಡೆ ಪೆನ್ನು ನಿಂತುಹೋಯಿತು.

"ಅಣ್ಣನಿಗೆ ತೋರಿಸಲು ಅಂತ ಬರೀರಿ" ಎಂದಳು ದೊಡ್ಡಮ್ಮ. "ಅದೇ ನಿಜ ತಾನೇ?"

ಪುಸ್ತಕ ಮೇಜಿನ ಮೇಲೆ ಬಂತು. ಗುಮಾಸ್ತ ಕಾಜಾ ಅಕ್ಕ ಹೇಳಿದ ದಿನದ ಕೆಳಗಿನ ಗೆರೆ ದಾಟಿ, ಹಾಳೆ ತಿರುವಿ, ಮರುದಿನದ ತಲೆಗೆ ಬೆರಳಿಟ್ಟ. ಅಲ್ಲಿತ್ತು. ಹೆಸರು, ತಂದೆಯ ಹೆಸರು, ಇಪ್ಪತ್ತೊಂದು ವರ್ಷ, ಕಾಜಾ ಹೊಲಿಯುವವಳು, ಬಲಗಡೆ ಹುಬ್ಬಿನ ಮೇಲೆ ಮಚ್ಚೆ. ಕೈಯಲ್ಲಿದ್ದ ಸಾಮಾನು: ಬಟ್ಟೆಚೀಲ ಒಂದು, ಬೀಗದ ಕೈ ಒಂದು, ಕೆಮ್ಮಿನ ಔಷಧಿ ಬಾಟಲಿ ಒಂದು, ತುಂಬಿದ್ದು, ಮುಚ್ಚಳದ ಸೀಲು ಒಡೆದಿಲ್ಲ, ತಾಯಿಗೆ ಎನ್ನುತ್ತಾಳೆ.

ದೊಡ್ಡಮ್ಮ ಆ ಸಾಲಿನ ಮೇಲೆ ಬೆರಳಾಡಿಸಿದಳು. ಕೈಬರಹ ಅವಳದೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳು.

"ಇದಕ್ಕೆ ಬೈಸ್ಕೊಂಡಿದ್ದೆ" ಎಂದಳು. "ಹೆಡ್ ಗುಮಾಸ್ತರು ಎಲ್ಲರ ಮುಂದೆ ಕೇಳಿದ್ರು, 'ಏನಮ್ಮ, ಪುಸ್ತಕ ಬರಿ ಅಂದ್ರೆ ಕತೆ ಬರೀತಿದ್ದೀಯಾ? ಬಾಟಲಿ ಒಂದು ಅಂದ್ರೆ ಸಾಲ್ದಾ?' ಅಂತ. ಆಮೇಲೆ ಇಪ್ಪತ್ತೊಂಬತ್ತು ವರ್ಷ ಬಾಟಲಿ ಒಂದು ಅಂತಾನೇ ಬರೆದೆ."

"ನನ್ನ ನೆನಪಿದೆಯಾ ನಿಮಗೆ?" ಎಂದು ಕಾಜಾ ಅಕ್ಕ ಕೇಳಿದಳು.

"ಸುಳ್ಳು ಹೇಳಲ್ಲ. ಮುಖ ನೆನಪಿಲ್ಲ. ನೀವು ಬಾಟಲಿ ಕೊಡೋಕೆ ಒಪ್ಪಲಿಲ್ಲ, ಅದು ನೆನಪಿದೆ."

ದೃಢೀಕರಿಸಿದ ನಕಲು ಬರಲು ಒಂಬತ್ತು ದಿನ ಹಿಡಿಯಿತು. ತಿಂಗಳು ಮುಗಿಯಲು ಎರಡೇ ದಿನವಿತ್ತು. ಕಾಜಾ ಅಕ್ಕ ಲಕೋಟೆ ಹಿಡಿದು ಮತ್ತೆ ನಮ್ಮ ಬಾಗಿಲಿಗೆ ಬಂದಳು. "ನೀವೇ ಕೊಡಿ. ನಾನು ಕೊಟ್ರೆ ನೋಡ್ದೇನೇ ಹರಿದು ಹಾಕ್ತಾನೆ."

"ಅರ್ಜಿ ಹಾಕಿದವರ ಕೈಗೇ ಕಾಗದ, ಅದು ನಮ್ಮಲ್ಲಿ ರೂಢಿ. ಜೊತೆಗೆ ಬರ್ತೀನಿ, ಗೇಟಿನವರೆಗೆ."

ಅಣ್ಣನ ಮನೆ ಓಣಿಯ ತುದಿಯಲ್ಲಿತ್ತು. ಜಗುಲಿಯ ಮೇಲೆ ಗೋಣಿಚೀಲಗಳಲ್ಲಿ ಪಾನಾ, ಚೈನು, ಹಳೆಯ ಪೆಡಲುಗಳು. ಅಣ್ಣ ಪಂಪೊಂದಕ್ಕೆ ಹಗ್ಗ ಸುತ್ತುತ್ತಿದ್ದ. ತಂಗಿಯನ್ನು ನೋಡಿದರೂ ಸುತ್ತುವುದನ್ನು ನಿಲ್ಲಿಸಲಿಲ್ಲ. ಅವಳು ಹೊಸಿಲಿನ ಈಚೆ ನಿಂತು ಕಾಗದ ಚಾಚಿದಳು. ನಾವಿಬ್ಬರೂ ಗೇಟಿನ ಬಳಿ ಉಳಿದೆವು. ದೊಡ್ಡಮ್ಮ ಅಭ್ಯಾಸಬಲದಿಂದ ಆಚೆ ಮುಖ ಮಾಡಿದಳು. ಅಲ್ಲಿ ಬೆಲೆ ಕೇಳುವುದಕ್ಕೆ ಬಕೆಟ್ಟಿರಲಿಲ್ಲ.

ಅಣ್ಣ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಓದಿದ. ತಾರೀಖಿನ ಮೇಲೆ ಬೆರಳಿಟ್ಟ. "ಇದು ಅಮ್ಮ ಹೋದ ದಿನ. ನೀನು ಹೋದದ್ದು ಹಿಂದಿನ ದಿನ."

"ಷರಾ ಓದು."

ಓದಿದ. ಆಮೇಲೆ ಸಾಮಾನಿನ ಕಾಲಮ್ಮಿಗೆ ಬಂದ. ಅಲ್ಲಿಂದ ಅವನ ಕಣ್ಣು ಮುಂದೆ ಹೋಗಲಿಲ್ಲ.

"ಬಾಟ್ಲಿ ಏನಾಯ್ತು?" ಎಂದ ಕೊನೆಗೆ. ಮೂವತ್ತೆರಡು ವರ್ಷದಲ್ಲಿ ಅವನು ತಂಗಿಯನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಬಿಡುವಾಗ ವಾಪಸ್ ಕೊಟ್ರು. ಇಲ್ಲಿಗೇ ತಂದಿದ್ದೆ. ನೀನು ಬಾಗಿಲು ತೆಗೀಲಿಲ್ಲ. ಆ ಕಿಟಕಿ ಮೇಲೆ ಇಟ್ಟು ಹೋದೆ."

ಅಣ್ಣ ಕಿಟಕಿಯ ಕಡೆ ನೋಡಿದ. "ನೀನಾ ಇಟ್ಟಿದ್ದು?" ಎಂದ. "ಯಾರೋ ನೆಂಟರು ಮರೆತು ಹೋದ್ರು ಅಂದ್ಕೊಂಡು ಎಸೆದೆನಲ್ಲೇ."

ಒಳಗಿನಿಂದ ಪಾತ್ರೆ ಸದ್ದು ಕೇಳುತ್ತಿತ್ತು. ಅಣ್ಣ ಕಾಗದವನ್ನು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡ. ಒಳಕ್ಕೆ ತಿರುಗಿ ಹೆಂಡತಿಗೆ ಕೂಗಿದ: "ಲೇ, ಇನ್ನೊಂದು ತಟ್ಟೆ ಇಡು."

"ಈಗ ಹೇಳಿದ್ರೆ? ಅಳೆದು ಮಾಡಿ ಒಲೆ ಆರಿಸಾಯ್ತು" ಎಂದಿತು ಒಳಗಿನ ದನಿ.

"ಇರೋದ್ರಲ್ಲೇ ಹಂಚು."

ಕಾಜಾ ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ನಮ್ಮ ಕಡೆ ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ದೊಡ್ಡಮ್ಮ ಈಗಿಲ್ಲ. ಅವಳ ಅಂಗಿತೋಳುಗಳು ನನ್ನ ಕಪಾಟಿನಲ್ಲಿವೆ, ಎಲಾಸ್ಟಿಕ್ ಸಡಿಲಾಗಿದೆ, ನುಸಿಗುಳಿಗೆಯ ವಾಸನೆ ಇನ್ನೂ ಹೋಗಿಲ್ಲ. ಅಂದು ಓಣಿಯ ತಿರುವಿನಲ್ಲಿ ಅವಳು ಒಂದು ಗಳಿಗೆ ನಿಂತಳು. ಅವರು ನಮ್ಮನ್ನೂ ಊಟಕ್ಕೆ ಕರೆಯಬಹುದಿತ್ತಲ್ಲ ಎಂದು ನಾನು ಗೊಣಗಿದೆ.

"ಸುಮ್ನೆ ನಡಿ" ಎಂದಳು. "ಎಣಿಕೆ ಮುಗಿದ ಮೇಲೆ ಒಬ್ಬಳನ್ನ ಸೇರಿಸ್ಕೊಂಡಿದ್ದೇ ದೊಡ್ಡದು. ಮೂವರಾದ್ರೆ ಅಡುಗೆಮನೆಯವರು ಕೇಳ್ತಾರಾ?"